ತಲೆದೆಸೆಯ ಡಾಕ್ಟರು

ನಮ್ಮ ಡೊಂಬಿವಲಿಯ ಜಯಶೀಲ ಶೆಟ್ಟರು ಅರಿವಳಿಕೆ ಡಾಕ್ಟರು. ಊರಿಗೆಲ್ಲ ನಿದ್ದೆ ಬರಿಸುವ ಇವರ ಸಿಟ್ಟಿಗೆ ಮಾತ್ರ ನಿದ್ದೆಯಿಲ್ಲ. ಮುಂಬೈ ಲೋಕಲ್ ರೈಲಿನಲ್ಲಿ ಯಾರಾದರೂ “ಇಂಜೆಕ್ಷನ್ ಡಾಕ್ಟರಾ?” ಎಂದರೆ ಥಾಣೆ ಸ್ಟೇಷನ್ ಬರುವವರೆಗೂ ಉಪನ್ಯಾಸ. ಮೊನ್ನೆ, ತನ್ನ ತಾಯಿಯ ಗರ್ಭಕೋಶವನ್ನೇ ಕಸಿ ಮಾಡಿಸಿಕೊಂಡು ಬಸುರಾದ ಗಗನಾಳ ಸಿಸೇರಿಯನ್ನಿಗೆ ಸರ್ಜನ್ ಸಾಹೇಬರು ಕ್ಯಾಮೆರಾದವರ ಸಮೇತ ಬಂದು, “ಪೂರ್ತಿ ಮಲಗಿಸಿಬಿಡಿ, ಶೂಟಿಂಗಿಗೆ ಡಿಸ್ಟರ್ಬ್ ಆಗಬಾರದು” ಎಂದರು. “ಕಸಿ ನಿಮ್ಮದು, ಮಗು ಅವಳದ್ದು ಮಾರಾಯ್ರೇ! ಒಂಬತ್ತು ವರ್ಷ ಕಾದವಳು ಮೊದಲ ಅಳುವನ್ನು ವಿಡಿಯೋದಲ್ಲಿ ಕೇಳಬೇಕಾ?” ಎಂದು ಗದರಿದ ಶೆಟ್ಟರು, ಬೆನ್ನಿಗೆ ಸೂಜಿ ಕೊಟ್ಟು, ಎದೆಯ ಕೆಳಗಷ್ಟೇ ಮರಗಟ್ಟಿಸಿ, ಅವಳ ತಲೆದೆಸೆಯಲ್ಲಿ ಕಾವಲು ಕೂತರು. ಮಗು ಅತ್ತಿತು. “ಡಾಕ್ಟ್ರೇ, ಅದು ನಂದೇನಾ?” ಎಂದಳು ಗಗನಾ. “ಮತ್ತೆಂತ, ಸರ್ಜನ್ ಅಳ್ತಾರಾ?” ಎಂದು ರೇಗುತ್ತಲೇ ಶೆಟ್ಟರು ಅವಳ ಕಣ್ಣೊರೆಸಿದರು.