ಮಲ್ಲಿಕಮ್ಮ ಬಡಿದ ಮಾಳಿಗೆ

ಸುರಪುರದ ನಮ್ಮ ಓಣಿಯಲ್ಲಿ ಮಲ್ಲಿಕಮ್ಮ ಬಂದಳೆಂದು ತಿಳಿಯಲು ಬಾಗಿಲಿಗೆ ಬಂದು ನೋಡಬೇಕಾಗಿಲ್ಲ. ಮೊದಲು ನಗು ಕೇಳಿಸುತ್ತದೆ, ಆಮೇಲೆ ಬಳೆ, ಆಮೇಲೆ ಆಕೆ. ಅವರದು ಕೃಷ್ಣಾ ದಂಡೆಯ ಮನೆತನ. ಗಂಡ ಮಾನಪ್ಪ ಮೀನು ಮಾರಲು ಹೋದರೆ ತಿರುಗಿ ಬರುವುದು ಸಂಜೆಗೇ. ಕೂಲಿ ಇಲ್ಲದ ದಿನವೂ ಆಕೆ ಮನೆಯಲ್ಲಿ ಕೂರುವವಳಲ್ಲ. ಒಬ್ಬರ ಜೋಳ ಹಸನು ಮಾಡಿಕೊಡುತ್ತಾಳೆ, ಇನ್ನೊಬ್ಬರ ಗೋಡೆ ಸಾರಿಸಿಕೊಡುತ್ತಾಳೆ. ಸಾರಿಸುವಾಗ ಗೋಡೆಯ ಜೊತೆಗೂ ಮಾತು: "ಮಾರಿ ಇತ್ತ ಮಾಡು, ಪೌಡರ್ ಹಚ್ಚತೀನಿ."

ನನ್ನ ಯಜಮಾನರು ತೀರಿಕೊಂಡ ವರ್ಷ ನಾನು ಒಲೆ ಹಚ್ಚದೆ ಕೂತಿದ್ದೆ. ಆಕೆ ಬಂದು ಸಮಾಧಾನದ ಮಾತು ಒಂದೂ ಆಡಲಿಲ್ಲ. ಒಲೆಯ ಬೂದಿ ಬಳಿದಳು, ಹಿಟ್ಟು ನಾದಿದಳು. "ಆಯಿ, ನನ್ನ ರೊಟ್ಟಿ ಯಾದಗಿರಿ ನಕ್ಷಾ ಇದ್ದಂಗ ಆಗ್ಯಾವ. ನೀ ಒಂದು ಬಡದು ತೋರಸು" ಅಂದಳು. ನಾನು ಎದ್ದು ಬಡಿದೆ. ಆಕೆಗೆ ರೊಟ್ಟಿ ಬಡಿಯಲು ಚೆನ್ನಾಗಿಯೇ ಬರುತ್ತಿತ್ತು.

ಹೋದ ವರ್ಷ ಮಿರಗದ ಮಳೆಗೆ, ಅಂದರೆ ಮೃಗಶಿರಾ ಮಳೆಗೆ, ಮುಂಚೆ ನಡೆದದ್ದನ್ನು ಹೇಳುತ್ತೇನೆ.

ನನ್ನ ಎದುರು ಮನೆ ನಜೀಮಾಳದು. ಓಣಿಯಲ್ಲಿ ಹೆಚ್ಚಿನವರು ಸ್ಲ್ಯಾಬ್ ಹಾಕಿಸಿದ್ದಾರೆ. ಆಕೆಯದು ಇನ್ನೂ ಹಳೆಯ ಮಾಳಿಗೆ. ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ಹೊಸ ಮಣ್ಣು ಹಾಕಿ ಬಡಿಯಬೇಕು. ಮಗಳು ಫರ್ಹೀನ್ ಆಗ ಚೊಚ್ಚಲ ಬಾಣಂತಿ. ನಲವತ್ತು ದಿನ ತವರಿನಲ್ಲಿ ಎರೆದು, ಉಣಿಸಿ, ಕೂಸಿನ ಜೊತೆ ಕಳಿಸಬೇಕು ಎಂಬುದೊಂದೇ ನಜೀಮಾಳ ಆಸೆ. ಅದರಲ್ಲಿ ಅರ್ಧದಷ್ಟು ದಿನಗಳೂ ಕಳೆದಿರಲಿಲ್ಲ.

ಓಣಿಯ ತುದಿಯ ಜಗದೇವಪ್ಪನವರು ದೊಡ್ಡ ಒಕ್ಕಲುತನದವರು. ಬಾಣಂತಿ ಇರುವ ಮನೆ ಎಂದು, ಯಾರೂ ಕೇಳದಿದ್ದರೂ, ಒಂದು ಟ್ರಾಲಿ ಮಣ್ಣು ತರಿಸಿ ಆಳು ಹಚ್ಚಿ ಮಾಳಿಗೆಗೆ ಹಾಕಿಸಿದರು. ಅವರ ಹೊಲದ ಎರೆಮಣ್ಣು. "ಹತ್ತಿ ಬೆಳೀತದ, ಜೋಳ ಬೆಳೀತದ, ಒಂದು ಮ್ಯಾಳಗಿ ತಡಿಯಂಗಿಲ್ಲೇನು?" ಅಂದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಎರೆಮಣ್ಣು ಬಿಸಿಲಿಗೆ ಬಿರಿಯುತ್ತದೆ. ಮಾಳಿಗೆಗೆ ಬೇಕಾದದ್ದು ಹಳ್ಳದ ದಂಡೆಯ ಬಿಳಿ ಸವಳು ಮಣ್ಣು. ಅದರಲ್ಲಿ ಹುಲ್ಲು ಕೂಡ ಹುಟ್ಟುವುದಿಲ್ಲ. ನೀರು ಕೂಡ ಇಳಿಯುವುದಿಲ್ಲ.

ಮಂಗಳವಾರ ಒಂದು ಅಡ್ಡಮಳೆ ಹೊಡೆಯಿತು. ಬಿರುಕಿನೊಳಗಿಂದ ಕರಿನೀರು ಇಳಿದು ತೊಟ್ಟಿಲ ಬಟ್ಟೆಯ ಮೇಲೆ ಬಿತ್ತು. ಹೊದಿಸಿದ ತಾಡಪಾಲನ್ನು ಗಾಳಿ ಹರಿದುಹಾಕಿತು. ಸುದ್ದಿ ತಿಳಿದು ಫರ್ಹೀನಳ ಅತ್ತೆ ಯಾದಗಿರಿಯಿಂದ ಫೋನ್ ಮಾಡಿದರು: "ಸೋರೋ ಮನ್ಯಾಗ ಕೂಸಿನ್ನ ಇಡಬ್ಯಾಡ್ರಿ. ಶುಕ್ರವಾರ ಜೀಪ್ ತರ್ತೀವಿ, ಕಳಿಸಿಬಿಡ್ರಿ."

ನಜೀಮಾ ಫೋನ್ ಇಟ್ಟು ಗೋಡೆಗೆ ಒರಗಿ ಕೂತಳು. ಮಲ್ಲಿಕಮ್ಮ ಒಳಗೆ ಬಂದವಳೇ ಮೇಲೆ ನೋಡಿದಳು.

"ನಜೀಮಾ, ಮೊಮ್ಮಗಗ ನೀರು ಎರ್ಯಾಕ ನಿನ್ನ ಮ್ಯಾಳಗೀನೇ ಬಂದದಲ್ಲ!"

"ನಗಬ್ಯಾಡ ಅಕ್ಕಾ. ನನ್ನ ಜೀವ ಹೊಂಟದ."

"ಅಳಾಕ ನೀ ಒಬ್ಬಾಕಿ ಸಾಕು. ನಾ ನಗತೀನಿ. ಬುಟ್ಟಿ ಎಲ್ಲಿ ಇಟ್ಟೀದಿ, ಅದನ್ನ ಹೇಳು."

ಬಿತ್ತನೆಯ ಹೊತ್ತು, ಕೂಲಿಗೆ ಒಬ್ಬ ಆಳೂ ಸಿಗುವಂತಿರಲಿಲ್ಲ. ಬುಧವಾರ ಬೆಳಿಗ್ಗೆ ಆಕೆ ಒಬ್ಬಳೇ ಏಣಿ ಹತ್ತಿ ಸಲಿಕೆಯಿಂದ ಎರೆಮಣ್ಣು ಎತ್ತತೊಡಗಿದಳು. ಅದನ್ನು ಕಂಡು ಜಗದೇವಪ್ಪನವರು ಕೆಳಗೆ ಬಂದು ನಿಂತರು.

"ಏ ಮಲ್ಲಿಕವ್ವ! ನನ್ನ ಮಣ್ಣಿಗೆ ಏನಾಗ್ಯಾದಂತ ಕಿತ್ತಾಕತ್ತಿ?"

"ಏನೂ ಆಗಿಲ್ರಿ ಸಾವ್ಕಾರ್ರ. ಹಾಲು ಕೊಡೋ ಎಮ್ಮಿನ್ನ ಮನಿ ಕಾಯಾಕ ಕಟ್ಟಿದ್ರ ಹೆಂಗ್ರಿ? ಹಿತ್ತಲಕ್ಕ ಒಯ್ದು ಪುಂಡಿ ಹಾಕತೀನಿ. ಮೊದಲ ಪಲ್ಯ ನಿಮ್ಮ ಮನಿಗೇ."

"ನನಗ ಪಲ್ಯದ ಆಸೆ ಹಚ್ಚತಿಯೇನು?"

"ನಿಮಗ ಪಲ್ಯದ ಆಸೆ, ನನಗ ನಿಮ್ಮ ಟ್ರ್ಯಾಕ್ಟರಿನ ಆಸೆ. ಸವಳು ತರಬೇಕಲ್ರಿ."

ಕಟ್ಟೆಯ ಮೇಲೆ ಕೂತವರು ನಕ್ಕರು. ನಗದೇ ಇದ್ದವರು ಜಗದೇವಪ್ಪನವರು ಮಾತ್ರ. "ಬಿತ್ತೂದ ಅದ. ಗಾಡಿ ಕೊಡಂಗಿಲ್ಲ" ಎಂದು ಹೊರಟುಹೋದರು.

ನಜೀಮಾಳ ಮುಖ ಮತ್ತೆ ಬಾಡಿತು. ಮಲ್ಲಿಕಮ್ಮ ಸೆರಗಿನಿಂದ ಸಿಂಬಿ ಸುತ್ತಿದಳು. "ಇರಲಿ ಬಿಡು. ನನ್ನ ತಲಿಗೇನು ಡೀಸೆಲ್ ಬೇಕೇನು?" ಎಂದು ಬುಟ್ಟಿ ಹೊತ್ತು ದೇವಾಪುರದ ಹಳ್ಳದ ಹಾದಿ ಹಿಡಿದಳು. ಮೊದಲ ಬುಟ್ಟಿ ತಂದು ಸುರಿದಾಗ ಬೆವರಿನಲ್ಲಿ ತೊಯ್ದಿದ್ದಳು, ಮಣ್ಣಿನಿಂದ ಮುಖವೆಲ್ಲ ಬೆಳ್ಳಗಾಗಿತ್ತು. "ನೋಡ್ರೆ, ನಾ ಎಷ್ಟು ಬೆಳ್ಳಗಾಗೀನಿ! ಬರ್ರಿ, ನಿಮಗೂ ಹಚ್ಚತೀನಿ" ಎಂದು ಓಣಿಯ ಹೆಂಗಸರನ್ನು ಕೂಗಿದಳು.

ಹೋಗದೆ ಹೇಗೆ ಇರುವುದು? ಯಾರ ಮನೆಯ ಗೋಡೆಗೆ ಆಕೆಯ ಕೈ ಹತ್ತಿಲ್ಲ? ಒಬ್ಬೊಬ್ಬರೇ ಬುಟ್ಟಿ ತಂದರು. ಬೆನ್ನು ಬಾಗಿದ ನಾನು ಹಳ್ಳಕ್ಕೆ ಹೋಗಲಾರೆ. ಬಂದ ಮಣ್ಣಿನ ಕಲ್ಲು ಆರಿಸಿ ಜರಡಿ ಹಿಡಿದೆ.

ಇಳಿಹೊತ್ತಿಗೆ ಬುಟ್ಟಿ ಹೊತ್ತ ಹೆಂಗಸರ ಸಾಲು ಜಗದೇವಪ್ಪನವರ ಹೊಲದ ಬದಿಯಲ್ಲೇ ನಗುತ್ತ ಬರುತ್ತಿತ್ತಂತೆ. ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರ್ ಸದ್ದು ಕೇಳಿತು. ಟ್ರಾಲಿಯ ತುಂಬ ಬಿಳಿ ಸವಳು; ಅದರ ಮೇಲೆ ಆ ಹೆಂಗಸರೆಲ್ಲ; ಮುಂದೆ ಮುಖ ಗಂಟು ಹಾಕಿಕೊಂಡು ಸ್ವತಃ ಜಗದೇವಪ್ಪನವರು.

"ನಿಮ್ಮ ನಗಿ ಕೇಳಿ ನನ್ನ ಆಳು ಬಿತ್ತೂದ ಬಿಟ್ಟು ಈ ಕಡೀನೇ ನೋಡಾಕತ್ತಾರ. ಲಗೂ ಮುಗಿಸ್ರಿ" ಅಂದರು.

ಗುರುವಾರ ಇಡೀ ದಿನ ಬಡಿದರು. ಸವಳು ಹರವಿ, ನೀರು ಚಿಮುಕಿಸಿ, ಹಲಗೆಯಿಂದ ಬಡಿಯಬೇಕು; ನೀರು ಮಾಳಿಗೆಯಂಚಿನ ದೋಣಿಯ ಕಡೆಗೆ ಹರಿದು ಹೊರಗೆ ಬೀಳುವಂತೆ ಇಳಿಜಾರು ಇಡಬೇಕು. ಮಲ್ಲಿಕಮ್ಮ ಒಂದೊಂದು ಪೆಟ್ಟಿಗೂ ಒಂದೊಂದು ಹೆಸರು ಕೊಟ್ಟಳು. "ಇದು ಕೂಸಿನ ಹೆಸರಲೆ! ಇದು ಸಾವ್ಕಾರ್ರ ಹೆಸರಲೆ! ಇದು ಫರ್ಹೀನಳ ಅತ್ತಿ ಹೆಸರಲೆ, ಜೋರಾಗಿ ಹೊಡೀರೆ!" ಕೆಳಗೆ ಮಲಗಿದ್ದ ಫರ್ಹೀನ್ ನಕ್ಕು ನಕ್ಕು, "ಕಾಕೀ ಸಾಕು, ಹೊಟ್ಟಿ ನೋಯ್ತದ" ಎಂದು ಕೂಗಿದಳು. ಸಂಜೆ ಮೇಲೆ ಕೊಡಗಟ್ಟಲೆ ನೀರು ಸುರಿದರು. ನಾನು ಕೆಳಗೆ ಒಣ ಬಟ್ಟೆ ಹಾಸಿ, ಹಲಗೆಯ ಸಂದು ಒಂದೊಂದನ್ನೂ ನೋಡುತ್ತ ಕೂತೆ. ಬಟ್ಟೆ ಒಣಗಿಯೇ ಇತ್ತು. ಆದರೂ ಕೊಡದ ನೀರು ಬೇರೆ, ಮಿರಗದ ಮಳೆ ಬೇರೆ.

ಶುಕ್ರವಾರ ಮಧ್ಯಾಹ್ನ ಜೀಪು ಬಂತು. ಅದರ ಹಿಂದೆಯೇ ಮಳೆಯೂ ಬಂತು. ಎದುರಿನ ನನ್ನ ಮನೆಯೇ ಕಾಣದಂಥ ಮಳೆ. ಫರ್ಹೀನಳ ಅತ್ತೆ ಜೀಪಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ತೊಯ್ದು ತೊಪ್ಪೆಯಾದರು. ಒಳಗೆ ಬಂದು ಮೊದಲು ಮಾಳಿಗೆ ನೋಡಿದರು, ಆಮೇಲೆ ತೊಟ್ಟಿಲು ನೋಡಿದರು. ಹೊರಗೆ ದೋಣಿಯಿಂದ ನೀರು ದಬದಬ ಸುರಿಯುತ್ತಿತ್ತು. ಒಳಗೆ ಕೂಸು ಬಾಯಿ ತೆರೆದು ಮಲಗಿತ್ತು.

ಅವರು ಬಹಳ ಹೊತ್ತು ನೋಡಿದರು. ಕೊನೆಗೆ ತಲೆಯ ಮೇಲಿನ ಒದ್ದೆ ಸೆರಗು ಹಿಂಡಿ, "ಜೀಪ್ ಖಾಲಿನೇ ಹೋಗ್ಲಿ. ಚಾಳೀಸ್ ದಿನ ಆದ ಮ್ಯಾಲ ಬರ್ತೀನಿ. ಈಗ ಮೊದಲ ಒಂದು ಕಪ್ ಚಾ ಕೊಡ್ರಿ" ಅಂದರು.

ನಜೀಮಾ ಮಲ್ಲಿಕಮ್ಮನನ್ನು ತಬ್ಬಿಕೊಂಡೇಬಿಟ್ಟಳು. ಅಷ್ಟರಲ್ಲಿ ಬೀದಿಯಿಂದ ಜಗದೇವಪ್ಪನವರ ಕೂಗು: "ಏನವ್ವ, ಸೋರಾಕತ್ತದೇನು?"

ಮಲ್ಲಿಕಮ್ಮ ಬಾಗಿಲಿಗೆ ಬಂದು ನೋಡಿದಳು. ಕೊಡೆಯೂ ಇಲ್ಲದೆ, ತಲೆಗೆ ಸುತ್ತಿದ ಪಟಕದಿಂದ ನೀರಿಳಿಯುತ್ತ, ಅವರು ಮಳೆಯಲ್ಲೇ ನಿಂತಿದ್ದರು.

"ಮ್ಯಾಳಗಿ ಸೋರಾಕತ್ತಿಲ್ರಿ ಸಾವ್ಕಾರ್ರ, ನೀವ ಸೋರಾಕತ್ತೀರಿ! ಒಳಗ ಬರ್ರಿ, ಚಾ ಅದ!"

ಅವತ್ತು ಅವರೂ ನಕ್ಕರು.