ಕರಿಬಸಣ್ಣ ಓದಿದ ಪ್ಲಗ್ಗು

ನಿನ್ನೆ ಪೇಟೆಯಲ್ಲಿ ಹಳೆಯ ಬೈಕೊಂದು ಎಣ್ಣೆಹೊಗೆ ಬಿಟ್ಟು ಹೋಯಿತು. ಜನ ಮೂಗು ಮುಚ್ಚಿಕೊಂಡರು. ನಾನು ನಿಂತು ಎದೆ ತುಂಬ ಎಳೆದುಕೊಂಡೆ. ನಗಬೇಡಿ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸಖರಾಯಪಟ್ಟಣದಲ್ಲಿ ಮಗ್ಗಿ ಹೇಳಿಕೊಡುವ ಮೇಷ್ಟ್ರು, ಭಾನುವಾರ ಮಾತ್ರ ಬೈಕ್ ರೇಸಿನ ವೀರ. ಗೆದ್ದದ್ದು ಕಡಿಮೆ, ಮಂಡಿ ತರಚಿಕೊಂಡದ್ದೇ ಹೆಚ್ಚು.

ನನ್ನ ಮೆಕ್ಯಾನಿಕ್ ಕಡೂರಿನ ಕರಿಬಸಣ್ಣ. ಇಂಜಿನ್ ಬಿಚ್ಚುವುದು ಅವನಿಗೆ ಕೊನೆಯ ಮಾತು. ಪೂರ್ತಿ ವೇಗದಲ್ಲಿ ಓಡಿಸಿ, ಥಟ್ಟನೆ ಆಫ್ ಮಾಡಿಸಿ, ಸ್ಪಾರ್ಕ್ ಪ್ಲಗ್ ಕಳಚಿ ತುದಿಯ ಪಿಂಗಾಣಿಯನ್ನು ಬಿಸಿಲಿಗೆ ಹಿಡಿಯುತ್ತಿದ್ದ. ಹಾಲು ಹೆಚ್ಚಾದ ಕಾಫಿಯ ಬಣ್ಣವಿದ್ದರೆ ಸುಖ. ಮಸಿಯಿದ್ದರೆ ಪ್ಲಗ್ಗಿಗೆ ಕಾವು ಸಾಲದು. ಬಿಳುಪೇರಿದ್ದರೆ ಕಾವು ಮಿತಿಮೀರಿದೆ. ಶಾಖವನ್ನು ಬೇಗ ಹೊರಹಾಕುವ ‘ಕೋಲ್ಡ್’ ಪ್ಲಗ್ ಬೇಕು. ಮಕ್ಕಳ ಉತ್ತರಪತ್ರಿಕೆಯನ್ನೂ ನಾನು ಅಷ್ಟು ಶ್ರದ್ಧೆಯಿಂದ ನೋಡಿದವನಲ್ಲ.

ಒಮ್ಮೆ ಅಜ್ಜಂಪುರದ ಬಯಲಿನಲ್ಲಿ ರೇಸು. ನನ್ನನ್ನು ಮೂರು ಸಲ ಸೋಲಿಸಿದ್ದ ಶಿವನಿ ಊರಿನ ರಾಜಶೇಖರ ಅಭ್ಯಾಸ ಮುಗಿಸಿ ಪ್ಲಗ್ ಒರೆಸುವುದಕ್ಕೆ ಕಳಚಿದ್ದ. ಕರಿಬಸಣ್ಣ ಅದನ್ನು ಇಸಿದುಕೊಂಡು ಭೂತಗನ್ನಡಿಯಲ್ಲಿ ನೋಡಿದ. ಮುಖ ಇಳಿದುಹೋಯಿತು.

“ಪಿಂಗಾಣಿ ಮೇಲೆ ಬೆಳ್ಳಿ ಪುಡಿ ಥರ ಐತೆ ನೋಡು. ಪಿಸ್ಟನ್ ಕರಗ್ತಾ ಐತೆ ಕಣಪ್ಪಾ. ಹಿಂಗೇ ಓಡ್ಸಿದ್ರೆ ತೂತು ಬಿದ್ದು ಇಂಜಿನ್ ಹಿಡ್ಕಂಡು ಚಕ್ರ ತಟ್ಟಂತ ನಿಂತ್ಕಂತದೆ. ಆ ಸ್ಪೀಡಲ್ಲಿ ಬಿದ್ರೆ ನೀನು ಉಳಿಯಲ್ಲ.”

ರಾಜಶೇಖರ ನಕ್ಕ. “ಗಾಡಿ ಗುಂಡಿನಂಗೆ ಹೋಗ್ತೈತೆ ಕಣಣ್ಣ. ನಿಮ್ಮ ಮೇಷ್ಟ್ರು ಗೆಲ್ಲಲಿ ಅಂತ ಹೆದರಿಸ್ತೀಯಾ?”

ಕರಿಬಸಣ್ಣ ನನ್ನತ್ತ ತಿರುಗಿದ. “ಮೇಷ್ಟ್ರೇ, ನಿಮ್ಮ ಹತ್ರ ಇರೋ ಕೋಲ್ಡ್ ಪ್ಲಗ್ ಕೊಡಿ.”

ನನ್ನಲ್ಲಿದ್ದ ಸ್ಪೇರ್ ಅದೊಂದೇ. ಜೇಬಿನೊಳಗೆ ಅದನ್ನು ಬಿಗಿಯಾಗಿ ಹಿಡಿದುಕೊಂಡೆ, ಹೇಳಿಕೊಳ್ಳಲು ನಾಚಿಕೆ. ಆಮೇಲೆ ಕೊಟ್ಟೆ. ಎದುರಾಳಿಯೇ ಪ್ಲಗ್ ಕೊಡುವುದನ್ನು ಕಂಡಾಗ ರಾಜಶೇಖರನ ನಗು ಆರಿತು. ಕರಿಬಸಣ್ಣ ಅದನ್ನು ಹಾಕಿ, ಇಂಜಿನ್ ಕಾವು ಇಳಿಯಲೆಂದು ಕಾರ್ಬುರೇಟರಿನಲ್ಲಿ ಪೆಟ್ರೋಲನ್ನೂ ಸ್ವಲ್ಪ ಹೆಚ್ಚಿಸಿದ.

ಮೂರನೆಯ ಸುತ್ತಿನವರೆಗೆ ನಾನೇ ಮುಂದಿದ್ದೆ. ಆಗ ನನ್ನ ಪ್ಲಗ್ ಮಸಿ ಕಟ್ಟಿತು, ಬೈಕು ಕೆಮ್ಮಿ ನಿಂತಿತು. ಬದಲಿಸಲು ಚೊಕ್ಕ ಪ್ಲಗ್ ಇನ್ನೊಂದಿರಲಿಲ್ಲ; ಇದ್ದೊಂದು ರಾಜಶೇಖರನ ಇಂಜಿನ್ನಿನಲ್ಲಿತ್ತು. ರಾಜಶೇಖರ ಗೆದ್ದ. ನಾನು ಕರಿಬಸಣ್ಣನ ಜೊತೆ ಮಾತು ಬಿಟ್ಟು ಬೈಕ್ ತಳ್ಳಿಕೊಂಡು ಬಂದೆ.

ಮಾರನೆಯ ದಿನ ಸಂಜೆ ಕಡೂರಿನಲ್ಲಿ ರಾಜಶೇಖರ ಕರಿಬಸಣ್ಣನಿಂದ ಇಂಜಿನ್ ಬಿಚ್ಚಿಸಿದ; ಶಾಲೆ ಮುಗಿಸಿ ನಾನೂ ಹೋಗಿದ್ದೆ. ಪಿಸ್ಟನ್ನಿನ ನೆತ್ತಿ ಗೆದ್ದಲು ತಿಂದಂತಿತ್ತು. ನಡುವಿನ ಕುಳಿಯನ್ನು ಕರಿಬಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿದ; ತೂತಾಗಿಬಿಟ್ಟಿತು. ಮುನಿಸು ಮರೆತು ನಾನೂ ಬಗ್ಗಿ ನೋಡಿದೆ.

“ಬಿಚ್ಚದೆ ಹೆಂಗೆ ಕಂಡೆ ಅಣ್ಣಾ?” ರಾಜಶೇಖರ ಆ ತೂತಿಗೆ ಬೆರಳಿಟ್ಟು ಕೇಳಿದ.

“ಆ ಪುಡಿ ಎಲ್ಲಿಂದಾದ್ರೂ ಬಂದಿರ್ಬೇಕಲ್ಲಪ್ಪಾ,” ಎಂದ ಕರಿಬಸಣ್ಣ, ಕೈ ಒರೆಸಿಕೊಳ್ಳುತ್ತ.

ಅವನು ಈಗಿಲ್ಲ. ನಿನ್ನೆ ಮನೆಗೆ ಬಂದವನೇ ರಾಜಶೇಖರನಿಗೆ ಫೋನು ಮಾಡಿದೆ. ಆ ರೇಸು ನನ್ನದಾಗಬೇಕಿತ್ತು ಎಂದು ಛೇಡಿಸುವ ಮನಸ್ಸಿತ್ತು. “ತಡೀರಿ ಮೇಷ್ಟ್ರೇ, ಮೊಮ್ಮಗಳು ಹೆಗಲೇರಿದಾಳೆ, ಇಳಿಸ್ತೀನಿ,” ಎಂದ. ಆ ಕಡೆಯಿಂದ ಮಗುವಿನ ನಗು ಕೇಳಿಸಿತು. ಇಳಿಸಬೇಡ, ಹಾಗೇ ಇರಲಿ ಎಂದೆ.