ಅಪರಿಚಿತರಿಗೆ ಸಿಗುವ ದನಿ

ಡೊಂಬಿವಲಿಯ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಿದ್ದ ಮಾವ ಎದೆ ಹಿಡಿದುಕೊಂಡು ಕುಸಿದರು. ಕೂಡಲೇ ಆಂಬುಲೆನ್ಸ್‌ಗೆ ಫೋನ್ ಮಾಡಿದೆ. “ತಾಈ, ಘಾಬರೂ ನಕಾ. ಮೀ ಲೈನ್‌ವರಚ್ ಆಹೇ” ಎಂದಿತು ಮೆತ್ತನೆಯ ದನಿ. ಹೆದರಬೇಡಿ ಅಕ್ಕಾ, ಲೈನ್‌ನಲ್ಲೇ ಇದ್ದೇನೆ ಎಂದದ್ದು ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡುವ ನನ್ನ ಗಂಡ!

“ನಾನು ಮಾರಾಯ್ರೆ! ಮಾವ ಬಿದ್ದಿದ್ದಾರೆ!”

ಅವರು ಅದೇ ದನಿಯಲ್ಲಿ, ಗೋಡೆಗೆ ಒರಗಿಸಿ ಕೂರಿಸು, ಬಾಗಿಲು ತೆರೆದಿಡು ಎಂದು ಒಂದೊಂದಾಗಿ ಹೇಳಿಕೊಟ್ಟರು. ಆಂಬುಲೆನ್ಸ್ ಬರುವವರೆಗೂ ಫೋನ್ ಇಡಲಿಲ್ಲ. ಅಂಥ ಹೊತ್ತಿನಲ್ಲೂ ನನಗೆ ಹೊಟ್ಟೆ ಉರಿಯಿತು: ಇವರು ನನ್ನ ಹತ್ತಿರ ಯಾವತ್ತು ಹೀಗೆ ಮಾತಾಡಿದ್ದಾರೆ?

ಮಾವ ಹುಷಾರಾಗಿ ಮನೆಗೆ ಬಂದ ಮೇಲೆ ಆ ದನಿಯ ಬಗ್ಗೆ ಗಂಡನನ್ನು ಕೇಳಿಯೇಬಿಟ್ಟೆ. “ಅದೆಂಥ ದೊಡ್ಡ ವಿಷಯ? ಏನು ಹೇಳ್ಬೇಕೂಂತ ಕಂಪ್ಯೂಟರಲ್ಲಿ ಬರ್ತದೆ. ನೋಡಿ ಓದುವುದು” ಎಂದರು.

ಕಲ್ಯಾಣ, ಮುಂಬ್ರಾದ ಗುರುತಿಲ್ಲದ ಹೆಂಗಸರಿಗೆಲ್ಲ ದಿನವಿಡೀ ಸಿಗುವ ಆ ದನಿ ನೆನೆದರೆ ಈಗಲೂ ಹೊಟ್ಟೆಕಿಚ್ಚು. ನಿನ್ನೆ ಅವರ ಊಟದ ಹೊತ್ತಿಗೆ ಸುಮ್ಮನೆ ಫೋನ್ ಮಾಡಿದೆ. “ಹ್ಞಾಂ, ಎಂಥ? ಬೇಗ ಹೇಳು” ಎಂದವರು ನಾನು ಬಾಯಿ ತೆರೆಯುವ ಮೊದಲೇ ಇಟ್ಟರು. ಆಂಬುಲೆನ್ಸ್ ನಂಬರು ಒತ್ತಲು ಬೆರಳು ತುರಿಸಿತು.